ಜಾಂಬವಾಡಿಯ ಬೀಗ ಹಾಕಿದ ಮನೆಗಳು

ಕಂಪ್ಯೂಟರನ್ನು ಬೈಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅದು ತಾನಾಗಿ ಏನನ್ನೂ ಮಾಡುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಇದನ್ನು ಇಪ್ಪತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಪಾಠದಂತೆ ಹೇಳುತ್ತ ಬಂದಿದ್ದೇನೆ. ಹಾಗಾಗಿ ಇಲ್ಲಿ ಕಂಪ್ಯೂಟರಿನದು ಏನೂ ತಪ್ಪಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದು.

ನನ್ನ ಹೆಸರು ಹಾವಗೆಪ್ಪ, ಊರು ಭಾಲ್ಕಿ. ಬೀದರದ ನೌಬಾದದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದ ಸಂಸ್ಥೆಯಲ್ಲಿ ಕಂಪ್ಯೂಟರಿನ ಉಸ್ತುವಾರಿ ನನ್ನದಾಗಿತ್ತು. ನಾನು ಹೇಳುತ್ತಿರುವುದು ಎರಡು ಸಾವಿರದ ಹದಿನೈದರ ಮಾತು. ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದ ವರ್ಷ. ನಮ್ಮ ಓಣಿಗೆ ನೀರಿನ ಟ್ಯಾಂಕರು ಎಂಟು ದಿನಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಔರಾದ, ಭಾಲ್ಕಿ ಕಡೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಡೆಗೆ ಲಾರಿ ಹತ್ತಿ ಗುಳೆ ಹೋಗುತ್ತಿದ್ದರು. ದಸರೆಗೆ ಹೋದವರು ಯುಗಾದಿ ಕಳೆದ ಮೇಲೆ ಬರುತ್ತಿದ್ದರು. ಮಕ್ಕಳೂ ಅವರ ಜೊತೆಗೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಆರು ತಿಂಗಳು ಆ ಮಕ್ಕಳ ಮುಂದೆ ಗೈರು, ಗೈರು, ಗೈರು.

ನಮ್ಮ ಸಂಸ್ಥೆ ಆ ಎರಡು ತಾಲೂಕುಗಳ ಅರವತ್ನಾಲ್ಕು ಊರುಗಳಲ್ಲಿ ಮನೆಮನೆ ಸಮೀಕ್ಷೆ ಮಾಡುತ್ತಿತ್ತು. ಯಾವ ಊರಿನಿಂದ ಹೆಚ್ಚು ಜನ ಗುಳೆ ಹೋಗುತ್ತಾರೋ ಅಂಥ ಹನ್ನೆರಡು ಊರುಗಳನ್ನು ಆರಿಸುವುದು, ಆ ಊರಿನ ಶಾಲೆಯಲ್ಲೇ ಆರು ತಿಂಗಳ ಹಾಸ್ಟೆಲ್ ತೆರೆಯುವುದು. ಅಪ್ಪ ಅವ್ವ ಕಬ್ಬಿಗೆ ಹೋದರೂ ಮಕ್ಕಳು ಊರಲ್ಲೇ ಇದ್ದು, ಉಂಡು, ಓದಬೇಕು. ಒಳ್ಳೆಯ ಯೋಜನೆ. ಇವತ್ತಿಗೂ ಒಳ್ಳೆಯ ಯೋಜನೆ ಎಂದೇ ಹೇಳುತ್ತೇನೆ.

ಇಡೀ ಸಂಸ್ಥೆಗೆ ಶಕ್ತಿಯುಳ್ಳ ಕಂಪ್ಯೂಟರು ಇದ್ದದ್ದು ಒಂದೇ. ನಾಲ್ಕು ಜನ ಸರದಿಯ ಮೇಲೆ ಅದರ ಮುಂದೆ ಕೂರುತ್ತಿದ್ದೆವು. ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡ್. ಅಂಕಿಅಂಶದ ಕೆಲಸಕ್ಕೆ ಆರ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದೆವು. ಅದಕ್ಕೆ ಕೆಲಸಕ್ಕೊಂದರಂತೆ ಪ್ಯಾಕೇಜುಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಹಾಕಬೇಕು. ನಾವು ನಾಲ್ವರೂ ನಮ್ಮ ನಮ್ಮ ಖಾತೆಯಲ್ಲಿ ನಮಗಷ್ಟೇ ಹಾಕಿಕೊಳ್ಳುತ್ತಿದ್ದೆವು. ಒಂದೇ ಪ್ಯಾಕೇಜು ನಾಲ್ಕು ಕಡೆ, ನಾಲ್ಕು ಆವೃತ್ತಿ. ನನ್ನ ಜೊತೆಗಾರ ಲಾಲ ಅಹ್ಮದನ ಖಾತೆಯಲ್ಲಿ ಓಡಿದ್ದು ಇನ್ನೊಬ್ಬ ಸಹೋದ್ಯೋಗಿ ಅನುಸೂಯಾಬಾಯಿಯ ಖಾತೆಯಲ್ಲಿ ಓಡುತ್ತಿರಲಿಲ್ಲ. ಡಿಸ್ಕು ಗಂಟಲತನಕ ತುಂಬಿಹೋಗಿತ್ತು. ಒಂದು ಓಣಿಯ ನಾಲ್ಕು ಮನೆಯವರು ನಾಲ್ಕು ಬೋರು ಕೊರೆಸಿಕೊಂಡು ಕೂತಂತೆ. ನಾನು ಮೂಲೆಯಲ್ಲಿ ಒಂದೇ ಟ್ಯಾಂಕಿ ಕಟ್ಟಿಸಬೇಕೆಂದು ಹಟ ಹಿಡಿದೆ. ಉಸ್ತುವಾರಿಯವನ ಖಾತೆಯಿಂದ ಒಮ್ಮೆ ಹಾಕಿದರೆ ಎಲ್ಲರಿಗೂ ಸಿಗುವ ವ್ಯವಸ್ಥೆ ಅದರಲ್ಲಿದೆ.

ನಾಲ್ಕನೆಯವನು ಮಚ್ಛೇಂದ್ರ. ಭಾಲ್ಕಿ ತಾಲೂಕಿನ ಸಾಯಗಾಂವದವನು, ಎಂ.ಎ. ಮಾಡಿದ್ದ, ಗುತ್ತಿಗೆಯ ಮೇಲೆ ಸಮೀಕ್ಷೆಯ ತಂಡ ನೋಡಿಕೊಳ್ಳುತ್ತಿದ್ದ. ಆರ್ ಅನ್ನು ತಾನೇ ಕಲಿತಿದ್ದ, ನನಗಿಂತ ಚೆನ್ನಾಗಿ ಕಲಿತಿದ್ದ. ಇದನ್ನು ಆಗ ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಿತ್ತು, ಈಗ ಆಗುವುದಿಲ್ಲ.

ಆ ವರ್ಷದ ಆರಂಭದ ಚಳಿಗಾಲದಲ್ಲಿ, ಅಂದರೆ ಜನ ಕಬ್ಬಿಗೆ ಹೋಗಿದ್ದಾಗಲೇ, ಸಮೀಕ್ಷೆ ನಡೆದಿತ್ತು. ಸಮೀಕ್ಷೆಯ ಹುಡುಗರು ಹೋದ ಮನೆಗಳಿಗೆಲ್ಲ ಬೀಗ. ಯಾರನ್ನು ಕೇಳುವುದು? ಫಾರಮ್ಮಿನಲ್ಲಿ ‘ಬೀಗ’ ಎಂದು ಬರೆದು ಉಳಿದ ಕಾಲಂಗಳನ್ನು ಖಾಲಿ ಬಿಟ್ಟು ಬರತೊಡಗಿದರು. ಮಚ್ಛೇಂದ್ರ ಅದಕ್ಕೆ ಒಂದು ಪದ್ಧತಿ ಮಾಡಿದ. ಬೀಗ ಹಾಕಿದ ಮನೆ ಕಂಡರೆ ಎದುರಿನ ಮನೆಯ ಕಟ್ಟೆಯ ಮೇಲೆ ಕೂರಬೇಕು. ಅಲ್ಲಿ ಒಬ್ಬ ಮುದುಕಿ ಇದ್ದೇ ಇರುತ್ತಾಳೆ. ಯಾರು ಯಾವ ಲಾರಿ ಹತ್ತಿದರು, ಕೋಳಿಗಳನ್ನು ಯಾರಿಗೆ ಒಪ್ಪಿಸಿ ಹೋದರು, ಎಲ್ಲ ಅವಳಿಗೆ ಗೊತ್ತು. ಆ ಮನೆಯಿಂದ ಎಷ್ಟು ಮಂದಿ ಹೋದರೆಂದು ಅವಳು ಹೇಳಿದ್ದನ್ನು ಫಾರಮ್ಮಿನ ಕೊನೆಯಲ್ಲಿ ಒಂದು ಅಂಕಿಯಲ್ಲಿ ಬರೆಯಬೇಕು.

ಆದರೆ ಮುಖ್ಯ ಕಚೇರಿ ಕಳಿಸಿದ್ದ ಪ್ರೋಗ್ರಾಮಿಗೆ ಈ ಮುದುಕಿಯರ ವಿಷಯ ಗೊತ್ತಿರಲಿಲ್ಲ. ಕಾಲಂ ಖಾಲಿ ಇದ್ದರೆ ಅದು ಬಳಸುತ್ತಿದ್ದ ಪ್ಯಾಕೇಜು ಆ ಮನೆಯನ್ನೇ ಕೈಬಿಟ್ಟು ಮುಂದೆ ಹೋಗುತ್ತಿತ್ತು. ಅದಕ್ಕೆ ಮಚ್ಛೇಂದ್ರ ಪ್ಯಾಕೇಜಿನ ಒಳಗೇ ಕೈಹಾಕಿ ತಿದ್ದಿದ. ‘ಬೀಗ’ ಇದ್ದು ಮುದುಕಿಯ ಅಂಕಿ ಇದ್ದರೆ ಆ ಮನೆಯನ್ನು ಗುಳೆ ಹೋದ ಮನೆ ಎಂದು ಹಿಡಿಯುವಂತೆ ಮಾಡಿದ. ಪ್ಯಾಕೇಜಿನ ಹೆಸರು ಬದಲಿಸಲಿಲ್ಲ, ಬದಲಿಸಿದರೆ ಪ್ರೋಗ್ರಾಮು ಅದನ್ನು ಹುಡುಕುತ್ತಿರಲಿಲ್ಲ. ತಿದ್ದಿದ್ದನ್ನು ನಾಲ್ವರ ಖಾತೆಗಳಲ್ಲೂ ಹಾಕಿಕೊಟ್ಟ. ನನ್ನ ಖಾತೆಯಲ್ಲಿ ಹಾಕುವಾಗ ನಾನು ಚಹಾ ಕುಡಿಯುತ್ತ, “ಹಾಕು, ಹಾಕು, ಜಲ್ದಿ ಏಳು” ಎಂದದ್ದು ನೆನಪಿದೆ.

“ಸರ್ರ, ಬೀಗ ಹಾಕಿದ ಮನಿ ಅಂದ್ರ ಮಂದಿ ಇಲ್ಲ ಅಂತಲ್ರಿ,” ಎಂದು ಅವನು ಹೇಳುತ್ತಿದ್ದ. “ಮಂದಿ ಹೋಗ್ಯಾರ ಅಂತ. ನಮಗ ಬೇಕಾದ್ದು ಅವರದೇ ಲೆಕ್ಕ ಅಲ್ರಿ?”

ಸಂಸ್ಥೆಯಲ್ಲಿ ಇನ್ನೊಬ್ಬರಿದ್ದರು, ಶಾಲುಬಾಯಿ. ಕಸ ಹೊಡೆದು, ಚಹಾ ಮಾಡಿ, ನೀರು ತುಂಬುವ ಕೆಲಸ. ಔರಾದ ತಾಲೂಕಿನ ಜಾಂಬವಾಡಿಯವರು. ಮಚ್ಛೇಂದ್ರ ಬೆಳಿಗ್ಗೆ ಬಂದವನೇ “ಜೈ ಭೀಮ, ಆಯಿ” ಅನ್ನುತ್ತಿದ್ದ, ಅವರು ಅವನಿಗೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದರು. ಅವರ ಮಗಳು, ಅಳಿಯ ಪಂಢರಿ ಪ್ರತಿ ವರ್ಷ ಕಬ್ಬಿಗೆ ಹೋಗುವವರು. ಮೊಮ್ಮಗಳು ಪಂಚಶೀಲಾ ಆರನೇ ತರಗತಿ. ಹೋದ ಎರಡು ವರ್ಷ ಅವಳನ್ನೂ ಕರೆದುಕೊಂಡು ಹೋಗಿದ್ದರು, ಟೆಂಟಿನಲ್ಲಿ ಅಡುಗೆ ಮಾಡಲು, ನೀರು ತರಲು.

“ನಮ್ಮ ಪಂಚಶೀಲಾ ಸಾಲ್ಯಾಗ ಎಲ್ಲರಕಿಂತ ಹುಷಾರ ಇದ್ದಾಳ್ರಿ ಸರ್ರ,” ಎಂದು ಶಾಲುಬಾಯಿ ಚಹಾ ಇಡುವಾಗೆಲ್ಲ ಶುರುಮಾಡುತ್ತಿದ್ದರು. “ಈ ಸಲ ಒಯ್ದ್ರಂದ್ರ ಸಾಲಿ ಖತಮ್ ಅದರಿ. ನನ್ನ ಹಂತ್ಯಾಕ ಇಟಗೋಬೇಕಂದ್ರ ಒಂದ ಖೋಲಿ, ಅದರಾಗ ಮಗ ಸೊಸಿ ಮೂರು ಹುಡುಗುರು. ಅಳಿಯಾ ಒಪ್ಪಂಗಿಲ್ಲ. ಊರಾಗ ಹಾಸ್ಟೆಲ್ ಆದ್ರ ಬಿಡ್ತೀನಿ ಅಂದಾನ್ರಿ. ಮಾಸ್ತರ ಕಣ್ಮುಂದ ಇರ್ತಾಳ ಅಂತ.”

“ಆಗ್ತದ ಬಿಡ್ರಿ ಶಾಲುಬಾಯಿ,” ಅನ್ನುತ್ತಿದ್ದೆ.

“ಹುಡುಗಿ ದೊಡ್ಡಾಕಿ ಆಗ್ಲತ್ತಾಳ್ರಿ. ಅಲ್ಲಿ ಮುಕಾದಮಗ ಜೋಡಿ ಬೇಕು. ಗಂಡ ಹೆಂಡತಿ ಕೂಡಿ ಒಂದು ಕೋಯ್ತಾ ಅಂತ ಹಿಡೀತಾರ. ಹುಡುಗ್ಯಾರ್ನ ನೋಡಿದ್ರ ಸಾಕು, ಲಗ್ನದ ಮಾತ ತೆಗೀತಾರ. ನನಗ ಅದರದೇ ಹೆದರಿಕಿ.”

ಮುಕಾದಮ ಅಂದರೆ ಗುಂಪಿನ ಮೇಸ್ತ್ರಿ, ಕೋಯ್ತಾ ಅಂದರೆ ಕಬ್ಬು ಕಡಿಯುವ ಮಚ್ಚು. ಒಂಟಿ ಗಂಡಸಿಗೆ ಅಲ್ಲಿ ಬೆಲೆಯಿಲ್ಲ, ಜೋಡಿಗೆ ಬೆಲೆ. ಹೀಗಾಗಿ ಹುಡುಗರಿಗೆ ಜೋಡಿ ಹುಡುಕುವ ಅವಸರ. ಶಾಲುಬಾಯಿಯ ಹೆದರಿಕೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ.

ಜೂನ್ ಕೊನೆಗೆ ಮಚ್ಛೇಂದ್ರನ ಗುತ್ತಿಗೆ ಮುಗಿಯುತ್ತಿತ್ತು. ಭಾಲ್ಕಿ ತಾಲೂಕಿನ ಫಾರಮ್ಮುಗಳು ಕಂಪ್ಯೂಟರಿಗೆ ಹತ್ತಿದ್ದವು, ಔರಾದದವು ಇನ್ನೂ ಗಂಟಿನಲ್ಲಿದ್ದವು. ಕೊನೆಯ ವಾರ ಅವನು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತ.

“ಸರ್ರ, ನೀವು ಎಲ್ಲರಿಗೂ ಕೂಡಿ ಪ್ಯಾಕೇಜ ಹಾಕೋರಿದ್ದೀರಂತ. ನಾ ತಿದ್ದಿದ್ದೂ ಅದರಾಗ ಹಾಕ್ರಿ.”

“ತಿದ್ದಿದ್ದು ಎಲ್ಲಾ ಹಾಕೋದಿಲ್ಲ. ಎಲ್ಲರಿಗೂ ಹಾಕೋದು ಅಂದ್ರ ಮೂಲದ್ದು, ಸಾಚಾ ಇದ್ದದ್ದು. ಇವತ್ತು ನೀ ತಿದ್ದೀದಿ, ನಾಳಿ ಲಾಲ ಅಹ್ಮದ ತಿದ್ದತಾನ. ಆಮ್ಯಾಲ ಯಾರದು ಖರೇ?”

“ಎಲ್ಲರಿಗೂ ಅಂದ್ರ ಎಲ್ಲರದೂ ಅದರಾಗ ಇರಬೇಕಲ್ರಿ ಸರ್ರ?”

ಅವನು ಮೆತ್ತಗೇ ಹೇಳಿದ. ಆದರೆ ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದ ಗುತ್ತಿಗೆಯ ಹುಡುಗ ನನಗೆ ವ್ಯವಸ್ಥೆ ಕಲಿಸುವುದೇ ಎಂದು ಒಳಗೆ ಕುದಿಯಿತು. “ನಿನ್ನ ಕೆಲಸ ಮುಗೀತಲ್ಲ? ಬರೆದು ಇಟ್ಟು ಹೋಗು, ನೋಡ್ತೀನಿ” ಎಂದೆ.

ಅವನು ಕನ್ನಡದಲ್ಲಿ ಎರಡು ಪುಟ ಬರೆದು ಇಟ್ಟು ಹೋದ. ನಾನು ಓದಿದೆ, ಮೊದಲ ಪುಟ. ಅದರಲ್ಲಿ ಫಾರಮ್ಮಿನ ಗಂಟುಗಳು ಎಲ್ಲಿವೆ, ಯಾವ ಊರಿನದು ಯಾವ ಬಣ್ಣದ ದಾರ ಎಂದೆಲ್ಲ ಇತ್ತು. ಎರಡನೆಯ ಪುಟ ತಿರುಗಿಸುವ ಹೊತ್ತಿಗೆ ಕರೆಂಟು ಹೋಯಿತೋ, ಟ್ಯಾಂಕರು ಬಂತೋ, ಏನೋ ಆಯಿತು. ಕಾಗದ ಫೈಲಿಗೆ ಹೋಯಿತು.

ಜುಲೈ ಮೊದಲ ವಾರ ನನ್ನ ಟ್ಯಾಂಕಿ ಕಟ್ಟಿದೆ. ಹೋದವರ ಖಾತೆ ಅಳಿಸುವುದು ನನ್ನ ಶಿಸ್ತು, ಮಚ್ಛೇಂದ್ರನದು ಅಳಿಸಿದೆ. ಉಳಿದ ಮೂವರ ಖಾತೆಗಳೊಳಗಿದ್ದ ಪ್ಯಾಕೇಜುಗಳನ್ನೆಲ್ಲ ಗುಡಿಸಿ ಹಾಕಿದೆ, ನನ್ನದೂ ಸೇರಿ. ಉಸ್ತುವಾರಿಯ ಖಾತೆಯಿಂದ ಎಲ್ಲವನ್ನೂ ಹೊಸದಾಗಿ, ಮೂಲದಿಂದ, ಎಲ್ಲರಿಗೂ ಸೇರಿಸಿ ಹಾಕಿದೆ. ನೌಬಾದದ ಇಂಟರ್‌ನೆಟ್ಟಿನಲ್ಲಿ ಅದಕ್ಕೆ ಮೂರು ದಿನ ಹಿಡಿಯಿತು. ಮೂರನೆಯ ದಿನ ಸಂಜೆ ಡಿಸ್ಕಿನಲ್ಲಿ ಅರ್ಧ ಜಾಗ ಖಾಲಿಯಾಗಿತ್ತು. ಯಾರ ಖಾತೆಯಿಂದ ಓಡಿಸಿದರೂ ಒಂದೇ ಉತ್ತರ. ನಾನು ಎಲ್ಲರನ್ನೂ ಕರೆದು ತೋರಿಸಿದೆ. ಹೆಮ್ಮೆಯಿಂದ ತೋರಿಸಿದೆ.

ಆಗಸ್ಟಿನಲ್ಲಿ ಔರಾದದ ಫಾರಮ್ಮುಗಳು ಹತ್ತಿದವು. ಪ್ರೋಗ್ರಾಮು ಓಡಿಸಿದವನು ನಾನೇ. ಅದು ಪ್ಯಾಕೇಜಿನ ಹೆಸರು ಕರೆಯಿತು, ಆ ಹೆಸರಿನದು ಸಿಕ್ಕಿತು, ಓಡಿತು. ಒಂದು ಎರರ್ ಬಂದಿದ್ದರೆ ನಿಲ್ಲುತ್ತಿದ್ದೆ. ಬರಲಿಲ್ಲ. ಪಟ್ಟಿ ಎರಡು ಪುಟವಾಗುತ್ತದೆಂದು, ಒಂದೇ ಪುಟದಲ್ಲಿ ಹಿಡಿಸಲು, ‘ಲೆಕ್ಕಕ್ಕೆ ಹಿಡಿದ ಮನೆಗಳು’ ಎಂಬ ಕಾಲಂ ತೆಗೆದೆ. ಶೇಕಡಾವಾರು ಮಾತ್ರ ಉಳಿಸಿದೆ. ಪಟ್ಟಿ ನೋಡಲು ಅಂದವಾಗಿ ಬಂತು.

ಜಾಂಬವಾಡಿ ನಲವತ್ತೇಳನೆಯದು. ಶೇಕಡಾ ಹದಿನಾರು.

ನಿರ್ದೇಶಕರಾದ ಶಿವರಾಜಪ್ಪನವರು ಸಹಿ ಮಾಡಿ ಮುಖ್ಯ ಕಚೇರಿಗೆ ಕಳಿಸಿದರು. ಮೊದಲ ಹನ್ನೆರಡು ಊರುಗಳ ಹೆಸರು ಗೋಡೆಗೆ ಅಂಟಿಸಿದೆವು. ಶಾಲುಬಾಯಿಗೆ ಓದಲು ಬರುತ್ತಿರಲಿಲ್ಲ. ಪೊರಕೆ ಹಿಡಿದುಕೊಂಡೇ ಬಂದು ಕೇಳಿದರು.

“ನಮ್ಮೂರು ಎಷ್ಟನೇದರಿ ಸರ್ರ?”

“ಬಂದಿಲ್ಲ ಶಾಲುಬಾಯಿ.”

“ಇಲ್ರಿ, ಜರಾ ಬರೋಬರ ನೋಡ್ರಿ. ಜಾಂಬವಾಡಿ.”

“ನೋಡೀನಿ. ನಿಮ್ಮೂರಿಂದ ಹೋಗೋ ಮಂದಿ ಕಮ್ಮಿ.”

ಅವರು ನಕ್ಕರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. “ಕಮ್ಮಿ? ದಸರಾ ಆದಮ್ಯಾಲ ನಮ್ಮೂರಾಗ ಮಾತಾಡ್ಸಾಕ ಮನುಷಾರು ಸಿಗಂಗಿಲ್ರಿ. ಸತ್ರ ಹೊರಾಕ ನಾಲ್ಕ ಮಂದಿ ಬಾಜೂ ಊರಿಂದ ಕರೀಬೇಕು. ನೀವ ಒಂದ ಸಲ ಬಂದು ನೋಡ್ರಿ.”

ಬಂದು ನೋಡುವುದು ಭಾರಿ ದೂರವೇನೂ ಆಗಿರಲಿಲ್ಲ. ಬಸ್ಸಿನಲ್ಲಿ ಎರಡು ತಾಸು. ನಾನು ಹೇಳಿದ್ದು ಇದು: “ಎಲ್ಲರೂ ಅವರವರ ಊರಿನ ಬಗ್ಗೆ ಹೀಂಗೇ ಅಂತಾರ. ಕಂಪ್ಯೂಟರಿಗೆ ನಿಮ್ಮೂರು ನಮ್ಮೂರು ಅಂತ ಇರೋದಿಲ್ಲ. ಅಂಕಿ ಸುಳ್ಳ ಹೇಳೋದಿಲ್ಲ, ಶಾಲುಬಾಯಿ.”

ಅವರ ನಗು ನಿಂತಿತು. “ಹಾಂ ರೀ” ಎಂದು ಒಳಗೆ ಹೋದರು. ಆ ದಿನ ನನಗೆ ಬೇಸರವೇನೂ ಆಗಲಿಲ್ಲ. ಬದಲಿಗೆ ಎದುರಿಗೆ ನಿಂತವರ ಮುಖ ನೋಡಿ ಕರಗದೆ ಸರಿಯಾಗಿ ನಡೆದುಕೊಂಡೆ ಅನ್ನಿಸಿತ್ತು. ಈಗ ಆ ನೆನಪು ಬಂದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ದಸರೆಯ ಮರುದಿನ ಜಾಂಬವಾಡಿಯಿಂದ ಲಾರಿಗಳು ಹೊರಟವು. ಪಂಢರಿ, ಅವನ ಹೆಂಡತಿ, ಪಂಚಶೀಲಾ ಮೂವರೂ ಹೋದರು. ಶಾಲುಬಾಯಿ ಬೀಳ್ಕೊಡಲು ಒಂದು ದಿನ ರಜೆ ಹಾಕಿದ್ದರು. ಬಂದವರೇ ನೆಲ ಒರೆಸಲು ಕೂತರು.

ಮಚ್ಛೇಂದ್ರ ಬಂದದ್ದು ನವೆಂಬರಿನಲ್ಲಿ, ಅನುಭವದ ಸರ್ಟಿಫಿಕೇಟಿಗೆಂದು. ಲಾತೂರಿನಲ್ಲಿ ಯಾವುದೋ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಶಿವರಾಜಪ್ಪನವರು ಹೊರಗೆ ಹೋಗಿದ್ದರಿಂದ ಕಾಯುತ್ತ ಗೋಡೆಯ ಪಟ್ಟಿ ಓದಿದ. ಇನ್ನೊಮ್ಮೆ ಓದಿದ. ಬೆರಳಿಟ್ಟು ಮೇಲಿಂದ ಕೆಳಗೆ ಬಂದ.

“ಸರ್ರ, ಜಾಂಬವಾಡಿ ಎಲ್ಲಿ?”

“ನಲವತ್ತೇಳು.”

“ಹ್ಯಾಂಗ್ರಿ? ಅಲ್ಲಿ ನಾನೇ ಹೋಗಿದ್ನಲ್ರಿ. ಮೂರು ದಿವಸ ಬರೀ ಬೀಗ ನೋಡೀನಿ.”

ಬೀಗ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ತಿದ್ದಿದ್ದ ಪ್ಯಾಕೇಜು ನನಗೆ ನೆನಪಾಯಿತು. ಅವನಿಗೆ ಇನ್ನೂ ಗೊತ್ತಿರಲಿಲ್ಲ, ನನಗೆ ಗೊತ್ತಾಗಿಹೋಗಿತ್ತು. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ನಾನು ತೆಗೆದಿದ್ದ ಕಾಲಂ ಮತ್ತೆ ತಂದೆ. ಜಾಂಬವಾಡಿಯಲ್ಲಿ ಸಮೀಕ್ಷೆ ಮಾಡಿದ ಮನೆಗಳು ನೂರಾ ಹದಿನೆಂಟು. ಲೆಕ್ಕಕ್ಕೆ ಹಿಡಿದ ಮನೆಗಳು ಇಪ್ಪತ್ತೈದು. ಬಾಗಿಲು ತೆರೆದಿದ್ದ ಇಪ್ಪತ್ತೈದು ಮನೆಗಳಲ್ಲಿ ನಾಲ್ಕರಿಂದ ಯಾರೋ ಒಬ್ಬರು ಹೋಗಿದ್ದರು, ಅದೇ ಶೇಕಡಾ ಹದಿನಾರು. ಉಳಿದ ತೊಂಬತ್ಮೂರು ಮನೆಗಳಿಗೆ ಬೀಗ. ತೊಂಬತ್ಮೂರನ್ನೂ ನಾನು ಎಲ್ಲರಿಗೂ ಸೇರಿಸಿ ಹಾಕಿದ ಸಾಚಾ ಪ್ಯಾಕೇಜು ಒಂದು ಮಾತೂ ಆಡದೆ ಬಿಟ್ಟುಬಿಟ್ಟಿತ್ತು. ಯಾವ ಊರು ಹೆಚ್ಚು ಖಾಲಿಯಾಗಿತ್ತೋ ಆ ಊರೇ ಪಟ್ಟಿಯಲ್ಲಿ ಕೆಳಗೆ ಹೋಗಿತ್ತು.

“ನಾ ತಿದ್ದಿದ್ದು ಎಲ್ಲಿ ಹೋಯ್ತರಿ?”

“ಅಳಿಸಿದೆ.”

“ಬರೆದು ಇಟ್ಟಿದ್ನಲ್ರಿ ಸರ್ರ. ಎರಡನೇ ಪುಟದಾಗ.”

ಅವನು ಬೈದಿದ್ದರೆ ಸಮಾಧಾನವಾಗುತ್ತಿತ್ತು, ಆದರೆ ಅವನು ಬೈಯುವ ಪೈಕಿಯಲ್ಲ. ತನ್ನ ಪೆನ್‌ಡ್ರೈವ್ ತೆಗೆದು ಚುಚ್ಚಿದ. ಈ ಸಲ ಉಸ್ತುವಾರಿಯ ಖಾತೆ ನಾನೇ ತೆರೆದುಕೊಟ್ಟೆ. ಅವನ ಪ್ಯಾಕೇಜನ್ನು ಎಲ್ಲರಿಗೂ ಹಾಕಿದೆವು. ಎರಡು ನಿಮಿಷದ ಕೆಲಸ. ಪ್ರೋಗ್ರಾಮು ಓಡಿಸಿದಾಗ ಜಾಂಬವಾಡಿ ನೂರಾ ಹದಿನೆಂಟಕ್ಕೆ ತೊಂಬತ್ತೇಳು, ಶೇಕಡಾ ಎಂಬತ್ತೆರಡು. ಮೊದಲನೆಯ ಸ್ಥಾನ.

ಶಿವರಾಜಪ್ಪನವರು ಬಂದ ಮೇಲೆ ಎಲ್ಲ ಹೇಳಿದೆ. ಅವರು ಮುಖ್ಯ ಕಚೇರಿಗೆ ಫೋನು ಮಾಡಿದರು. ಹಾಸ್ಟೆಲುಗಳು ತೆರೆದಾಗಿದೆ, ಅಡುಗೆಯವರು ಸೇರಿದ್ದಾರೆ, ಇನ್ನು ಬದಲಿಸುವುದು ಆಗದು, ಮುಂದಿನ ವರ್ಷ ನೋಡೋಣ ಎಂದು ಅಲ್ಲಿನವರು ಹೇಳಿದರು. ಮಚ್ಛೇಂದ್ರ ಪಂಢರಿಯ ಮೊಬೈಲಿಗೆ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆ ಗಾಳಿ, ಯಾರೋ ಮರಾಠಿಯಲ್ಲಿ ಕೂಗುವ ಸದ್ದು. ಹುಡುಗಿಯನ್ನು ವಾಪಸ್ಸು ಕಳಿಸಲು ಆಗುತ್ತದೆಯೇ ಎಂದು ಕೇಳಿದೆ.

“ಊರಾಗ ಹಾಸ್ಟೆಲ್ ಆಗೇದೇನ್ರಿ?” ಎಂದ ಪಂಢರಿ.

“ಇಲ್ಲ. ಮುಂದಿನ ವರ್ಷ.”

“ಮತ್ತ ಎಲ್ಲಿಗಿ ಕಳಿಸ್ಲಿರಿ? ಮನಿಗಿ ಬೀಗ ಅದ.”

ಭಾಲ್ಕಿಯಲ್ಲಿ ನಮ್ಮ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ. ಶಾಲೆ ಕೂಗಳತೆಯಲ್ಲಿದೆ. ನಮ್ಮ ಮನೆಗೆ ಕಳಿಸು, ನನ್ನ ಮಗಳ ಹಾಗೆ ಇರುತ್ತಾಳೆ ಎಂದು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಮನೆಯವರು ಏನನ್ನುತ್ತಾರೋ, ಆ ಹುಡುಗಿ ಅಡುಗೆಮನೆಗೆ ಕಾಲಿಟ್ಟರೆ ನಮ್ಮಜ್ಜಿ ಏನನ್ನುತ್ತಾಳೋ ಎಂದು ನುಂಗಿಕೊಂಡೆ. ದಿನಾ ಬೆಳಿಗ್ಗೆ ಬಸವಣ್ಣನ ಫೋಟೋಕ್ಕೆ ಕೈಮುಗಿದು ಹಣೆಗೆ ವಿಭೂತಿ ಹಚ್ಚಿಕೊಳ್ಳುವವನು ನಾನು. ಕಂಪ್ಯೂಟರಿನಲ್ಲಿ ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಆದದ್ದು. ಇದು ಗೊತ್ತಿದ್ದೇ ಮಾಡಿದ್ದು. ಎರಡರಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಶಾಲುಬಾಯಿಗೆ ಹೇಳಬೇಕಿತ್ತು. ಹಿತ್ತಿಲಲ್ಲಿ ಬೂದಿ ಹಚ್ಚಿ ಚಹಾದ ಕಪ್ಪುಗಳನ್ನು ತಿಕ್ಕುತ್ತಿದ್ದರು, ನೀರು ಉಳಿಸಲು. ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಶಾಲುಬಾಯಿ, ನಿಮ್ಮೂರು ಮೊದಲನೇ ನಂಬರಿನಾಗ ಇತ್ತು. ಬೀಗ ಹಾಕಿದ ಮನಿಗೋಳು ಲೆಕ್ಕದಾಗ ಬಿಟ್ಟು ಹೋದವು. ನನ್ನ ತಪ್ಪು.”

ಅವರು ಕಪ್ಪನ್ನು ಕೆಳಗಿಟ್ಟರು. “ಅಂದ್ರ ನಾ ಹೇಳಿದ್ದು ಖರೇ ಇತ್ತರಿ?”

“ಖರೇ ಇತ್ತು.”

“ನೀವ ನಂಬ್ಲಿಲ್ಲ.”

“ನಂಬ್ಲಿಲ್ಲ.”

ಅಷ್ಟೇ. ಮರುದಿನದಿಂದ ನನ್ನ ಚಹಾ ಮೊದಲಿನಂತೆಯೇ ಹನ್ನೊಂದಕ್ಕೆ ಬರುತ್ತಿತ್ತು. ಆದರೆ ಪಂಚಶೀಲಾಳ ಮಾತು ನನ್ನ ಮುಂದೆ ಅವರು ಮತ್ತೆ ಎತ್ತಲಿಲ್ಲ. ಹೋಳಿಯ ಹೊತ್ತಿಗೆ ನಾಲ್ಕು ದಿನ ರಜೆ ಬೇಕೆಂದರು. ಯಾಕೆಂದು ಕೇಳಿದ್ದಕ್ಕೆ “ಮನಿ ಕೆಲಸರಿ” ಎಂದರು. ನಾನೂ ಮುಂದೆ ಕೇಳಲಿಲ್ಲ.

ಮುಂದಿನ ವರ್ಷ ಪಟ್ಟಿ ಸರಿಯಾಯಿತು. ಮಳೆಯೂ ಬಂತು, ಬೇಡವೆನ್ನುವಷ್ಟು. ಆದರೂ ಜನ ಹೋಗುವುದು ನಿಲ್ಲಲಿಲ್ಲ. ದಸರೆಗೆ ಎರಡು ದಿನ ಮೊದಲು ಜಾಂಬವಾಡಿಯ ಶಾಲೆಯಲ್ಲಿ ಹಾಸ್ಟೆಲ್ ತೆರೆಯಿತು. ಮಕ್ಕಳ ಹೆಸರು ಬರೆದುಕೊಳ್ಳಲು ನಾನೇ ಹೋಗುತ್ತೇನೆ ಎಂದೆ. ಶಾಲುಬಾಯಿಯನ್ನು ಬನ್ನಿ ಎಂದು ಕರೆದೆ, ಅವರು ಬರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದ್ದು ಒಂದನ್ನೇ. ಆರನೇ ತರಗತಿ ಅರ್ಧಕ್ಕೆ ನಿಂತರೂ ಏಳಕ್ಕೆ ಕೂರಿಸಬಹುದು, ಮುಖ್ಯೋಪಾಧ್ಯಾಯರಿಗೆ ಹೇಳಿ ಒಪ್ಪಿಸಬಹುದು, ಒಂದು ವರ್ಷ ಹೋಯಿತು ಅಷ್ಟೇ, ಒಂದೇ ವರ್ಷ.

ಶಾಲೆಯ ಪಡಸಾಲೆಯಲ್ಲಿ ಟೇಬಲ್ಲು ಹಾಕಿದ್ದರು. ಮುಖ್ಯೋಪಾಧ್ಯಾಯ ಅಬ್ದುಲ ಗಫೂರ ಮಾಸ್ತರರು ಪಕ್ಕದಲ್ಲಿ ಕೂತರು. ಹೊರಗೆ ರಸ್ತೆಯ ಮೇಲೆ ಲಾರಿಗಳು ನಿಂತಿದ್ದವು, ಪಾತ್ರೆ, ತಾಡಪತ್ರಿ, ಕಟ್ಟಿಗೆ ಏರಿಸುತ್ತಿದ್ದರು. ತಾಯಂದಿರು ಮಕ್ಕಳನ್ನು ಕರೆತಂದು, ಹೆಬ್ಬೆಟ್ಟು ಒತ್ತಿ, ಕೆನ್ನೆ ಸವರಿ ಓಡುತ್ತಿದ್ದರು. ನಾನು ಹೆಸರು ಬರೆಯುತ್ತಿದ್ದೆ. ನಲವತ್ತು ಹೆಸರಾಯಿತು, ಐವತ್ತಾಯಿತು. ನಾನು ಕಾಯುತ್ತಿದ್ದ ಹೆಸರು ಬರಲಿಲ್ಲ.

ಎರಡನೇ ತರಗತಿಯ ಒಂದು ಪುಟ್ಟ ಹುಡುಗಿ ಬಂತು. ಸುಜಾತಾ ಎಂದಿತು. ಬರೆದುಕೊಂಡು, ತಲೆಯೆತ್ತದೆಯೇ, “ಪಾಲಕರ ಹೆಬ್ಬೆಟ್ಟು ಬೇಕು. ನಿಮ್ಮವ್ವ ಎಲ್ಲಿ?” ಎಂದೆ.

“ಅತ್ತಿ ಲಾರಿಗಿ ಸಾಮಾನ ಹೇರ್ಲತ್ತಾರ್ರಿ,” ಎಂದು ಅದರ ಕೈಹಿಡಿದಿದ್ದವಳು ಹೇಳಿದಳು. “ಇಕಿ ನಮ್ಮ ನಾದ್ನಿರಿ. ನಾನೇ ಮಾಡ್ತೀನ್ರಿ. ಹೆಬ್ಬೆಟ್ಟು ಬ್ಯಾಡ, ನನಗ ಸಹಿ ಬರ್ತದ.”

ಪೆನ್ನು ತೆಗೆದುಕೊಂಡ ಕೈಯಲ್ಲಿ ಮೊಣಕೈತನಕ ಹಸಿರು ಬಳೆ. ಬಾಗಿ ‘ಪಾಲಕರು’ ಎಂಬಲ್ಲಿ ದುಂಡಗೆ, ಗೆರೆಯ ಮೇಲೆ ಸರಿಯಾಗಿ ಕೂರಿಸಿ ಬರೆದಳು. ಪಂಚಶೀಲಾ. ಕೆಳಗೆ ಒಂದು ಗೆರೆ ಎಳೆದಳು, ಪರೀಕ್ಷೆಯ ಪೇಪರಿನಲ್ಲಿ ಎಳೆಯುವ ಹಾಗೆ.

ಆಗ ತಲೆಯೆತ್ತಿದೆ. ಹದಿಮೂರು ವರ್ಷ. ಸೀರೆ ಅವಳಿಗಿಂತ ದೊಡ್ಡದು, ನೆರಿಗೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಕೊರಳಲ್ಲಿ ಕರಿಮಣಿ. ಗಫೂರ ಮಾಸ್ತರರು ನನ್ನ ಮುಖ ನೋಡಿ ಕಿಟಕಿಯ ಕಡೆಗೆ ತಿರು­ಗಿದರು. “ಹೋಳಿ ಮುಂದ, ಅಲ್ಲೇ ಕಬ್ಬಿನ ಹೊಲದಾಗ ಮಾಡಿ ಮುಗಿಸ್ಯಾರ,” ಎಂದು ಮೆಲ್ಲಗೆ ಹೇಳಿದರು. “ನಮಗ ಗೊತ್ತಾಗಿದ್ದೇ ಊರಿಗಿ ಬಂದಮ್ಯಾಲ.”

ಅವಳು ಗೋಡೆಗೆ ಅಂಟಿಸಿದ್ದ ಹಾಸ್ಟೆಲಿನ ನಿಯಮಗಳನ್ನು ನಾದಿನಿಗೆ ಓದಿ ಹೇಳಿದಳು, ತಡವರಿಸದೆ, ಒಂದೂ ಬಿಡದೆ. ಬೆಳಿಗ್ಗೆ ಆರಕ್ಕೆ ಏಳಬೇಕಂತ. ಊಟಕ್ಕೆ ಮೊದಲು ಕೈ ತೊಳೀಬೇಕಂತ. ಆಮೇಲೆ ನನ್ನ ಕಡೆ ತಿರುಗಿದಳು.

“ಸರ್ರ, ನೀವು ನಮ್ಮ ಆಯಿ ಆಫೀಸಿನವರೇನ್ರಿ?”

“ಹೌದವ್ವ.”

“ಇದು ಹೋದ ವರ್ಷ ಯಾಕ ಆಗ್ಲಿಲ್ಲರಿ? ಆಯಿ ಆಗ್ತದಂತ ಹೇಳಿದ್ಲು. ನಾ ಪುಸ್ತಕ ಕಟ್ಟಿ ಇಟ್ಟಿದ್ನಿ.”

ಸುಳ್ಳು ಹೇಳಬಹುದಿತ್ತು. ಅವಳಿಗೆ ಏನು ಗೊತ್ತಾಗುತ್ತಿತ್ತು? ಆದರೆ ಆ ಸಹಿಯ ಎದುರಿಗೆ ನನ್ನಿಂದ ಆಗಲಿಲ್ಲ.

“ನನ್ನ ತಪ್ಪಿನಿಂದ ಆಗ್ಲಿಲ್ಲ. ಸಮೀಕ್ಷೆ ಮಾಡೋವಾಗ ನಿಮ್ಮ ಮನಿಗೆ ಬೀಗ ಇತ್ತು. ಬೀಗ ಹಾಕಿದ ಮನಿಗೋಳು ಲೆಕ್ಕದಾಗ ಬರ್ಲಿಲ್ಲ. ನಾ ನೋಡ್ಲಿಲ್ಲ.”

ಮಾಸ್ತರರು ಕೇಳಿದ ಲೆಕ್ಕಕ್ಕೆ ಮನಸ್ಸಿನಲ್ಲೇ ಉತ್ತರ ಹುಡುಕುವಂತೆ ಅವಳ ಹುಬ್ಬು ಗಂಟಿಕ್ಕಿತು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಯಾರೋ ಅವಳನ್ನು ಕೂಗಿದರು.

“ಆ ವರ್ಷ ಅವ್ವ ಅಪ್ಪ ಮೊದಲೇ ಲಾರಿ ಏರಿದ್ರು,” ಎಂದಳು. “ಬೀಗ ಹಾಕಿದ್ದು ನಾನೇರಿ.” ಆಮೇಲೆ ದನಿ ಇಳಿಸಿ ಕೇಳಿದಳು, “ನಾ ಹಾಕ್ಲಾರ್ದ ಬಂದಿದ್ರ ಆಗ್ತಿತ್ತೇನ್ರಿ?”

“ಇಲ್ಲವ್ವ, ನಿಂದೇನೂ ತಪ್ಪಿಲ್ಲ” ಎಂದೆ. ಎರಡು ಸಲ ಹೇಳಿದೆ. ಅವಳು ನಾದಿನಿಯ ತಲೆ ಸವರಿ, ನೆರಿಗೆ ಎತ್ತಿ ಹಿಡಿದುಕೊಂಡು ಲಾರಿಯ ಕಡೆಗೆ ಓಡಿದಳು. ನಾನು ಹೇಳಿದ್ದನ್ನು ನಂಬಿದಂತೆ ಕಾಣಲಿಲ್ಲ.